ತಿರುಗದವಳ ಮುಂದೆ ಮುಕ್ಕಾಲು ಗಂಟೆ

ಆ ಚಿತ್ರವನ್ನು ಮೊದಲ ಸಲ ನೋಡಿದಾಗ ಅದರ ಮುಂದೆ ನಾನು ನಿಂತಿದ್ದು ಇಪ್ಪತ್ತು ಸೆಕೆಂಡು ಇರಬಹುದು. ಜಾಸ್ತಿಯಂತೂ ಇಲ್ಲ.

ಒಂದು ಕೋಣೆ. ಬೂದು ಬಣ್ಣದ ಗೋಡೆ. ಎಡಗಡೆ ತೆರೆದ ಬಿಳಿ ಬಾಗಿಲು, ಅದರಾಚೆ ಇನ್ನೊಂದು ಕೋಣೆ, ಆ ಕೋಣೆಗೂ ಒಂದು ಬಾಗಿಲು. ಬಲಗಡೆ ಕಪ್ಪು ಉಡುಪಿನ ಹೆಂಗಸೊಬ್ಬಳು ನಮಗೆ ಬೆನ್ನು ಮಾಡಿ ನಿಂತಿದ್ದಾಳೆ. ತಲೆ ಸ್ವಲ್ಪ ಬಾಗಿದೆ. ಕೈಯಲ್ಲಿ ಏನೋ ಹಿಡಿದಿದ್ದಾಳೆ, ಏನು ಅಂತ ಕಾಣುವುದಿಲ್ಲ. ಚಿತ್ರದಲ್ಲಿರುವುದು ಇಷ್ಟೇ. ಪಕ್ಕದ ಲೇಬಲ್ ಓದಿದೆ, ಇನ್ನೊಮ್ಮೆ ಚಿತ್ರದ ಕಡೆ ಕಣ್ಣು ಹಾಯಿಸಿದೆ, ಮುಂದಿನ ಗೋಡೆಗೆ ಹೋದೆ.

ಲೇಬಲ್ಲಿನಲ್ಲಿದ್ದ ಹೆಸರು ವಿಲ್ಹೆಲ್ಮ್ ಹ್ಯಾಮರ್ಸ್‌ಹೊಯ್. ಡೆನ್ಮಾರ್ಕಿನವನು. 1864ರಲ್ಲಿ ಹುಟ್ಟಿ 1916ರಲ್ಲಿ ತೀರಿಕೊಂಡ. 1898ರಿಂದ 1909ರವರೆಗೆ ಕೋಪನ್‌ಹೇಗನ್ನಿನ ಸ್ಟ್ರಾಂಡ್‌ಗೇಡ್ ಬೀದಿಯ 30ನೇ ನಂಬರಿನ ಮನೆಯಲ್ಲಿ ಇದ್ದ. ಅಷ್ಟೂ ವರ್ಷ ಆ ಮನೆಯ ಒಳಗನ್ನೇ ಮತ್ತೆ ಮತ್ತೆ ಬಿಡಿಸಿದ, 60ಕ್ಕೂ ಹೆಚ್ಚು ಸಲ. ಅದೇ ಬಾಗಿಲು, ಅದೇ ಮೇಜು, ಅದೇ ಕಿಟಕಿಯಿಂದ ಬೀಳುವ ಬಿಸಿಲು. ಆ ಕೋಣೆಗಳಲ್ಲಿ ಹೆಂಗಸು ಕಂಡರೆ ಸಾಮಾನ್ಯವಾಗಿ ಅವಳು ಆತನ ಹೆಂಡತಿ ಇಡಾ. ಅವಳ ಮುಖ ಕಾಣುವುದು ಅಪರೂಪ.

ಇಪ್ಪತ್ತು ಸೆಕೆಂಡು ಅಂದೆನಲ್ಲ, ಅದು ನನ್ನೊಬ್ಬನ ಅವಸರ ಅಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಜನ ಒಂದೊಂದು ಕಲಾಕೃತಿಯ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾರೆ ಅಂತ ಗಡಿಯಾರ ಹಿಡಿದು ಲೆಕ್ಕ ಹಾಕಿದ್ದರು. 2001ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಸರಾಸರಿ ಬಂದಿದ್ದು ಸುಮಾರು 27 ಸೆಕೆಂಡು. ಅರ್ಧದಷ್ಟು ಸಲ 17 ಸೆಕೆಂಡಿಗೇ ಮುಗಿದಿತ್ತು. ಅಲ್ಲಿ ನೇತುಹಾಕಿದ್ದು ಸಣ್ಣಪುಟ್ಟ ಚಿತ್ರಗಳನ್ನಲ್ಲ, ಹೆಸರಾಂತ ಕೃತಿಗಳನ್ನೇ. ಒಬ್ಬ ಮನುಷ್ಯ ತಿಂಗಳುಗಟ್ಟಲೆ ಕೂತು ಮಾಡಿದ್ದನ್ನು ನಾವು ಶೂ ಲೇಸ್ ಕಟ್ಟುವಷ್ಟು ಹೊತ್ತಿನಲ್ಲಿ ನೋಡಿ ಮುಗಿಸುತ್ತೇವೆ.

ಎರಡು ವಾರದ ನಂತರ ಅದೇ ಚಿತ್ರದ ಮುಂದೆ ಮುಕ್ಕಾಲು ಗಂಟೆ ಕೂತೆ. ನಾನಾಗಿ ಕೂರಲಿಲ್ಲ. ನಾಲ್ಕು ಜನ ವಾದ್ಯ ಹಿಡಿದು ಬಂದು ನನ್ನನ್ನು ಕೂರಿಸಿದರು. ಅದರ ಬಗ್ಗೆಯೇ ಬರೆಯಬೇಕು ಅಂತ ಅವತ್ತಿನಿಂದ ಒದ್ದಾಡುತ್ತಿದ್ದೇನೆ.

ಮ್ಯೂಸಿಯಂನ ಬಾಗಿಲಲ್ಲಿ ಒಂದು ಹಾಳೆ ಅಂಟಿಸಿದ್ದರು. ಈ ಚಿತ್ರದಿಂದ ಹುಟ್ಟಿದ ಹೊಸ ಸ್ಟ್ರಿಂಗ್ ಕ್ವಾರ್ಟೆಟ್ (ಎರಡು ವಯಲಿನ್, ಅದಕ್ಕಿಂತ ಸ್ವಲ್ಪ ದೊಡ್ಡ ವಿಯೋಲಾ, ಇನ್ನೂ ದೊಡ್ಡ ಚೆಲ್ಲೋ, ಈ ನಾಲ್ಕಕ್ಕೆ ಬರೆದ ಕೃತಿ), ಚಿತ್ರ ಇರುವ ಗ್ಯಾಲರಿಯಲ್ಲೇ ಕಛೇರಿ, ಪ್ರವೇಶ ಉಚಿತ, ಮೊದಲು ಬಂದವರಿಗೆ ಕುರ್ಚಿ. ಕುರ್ಚಿ ಇದ್ದದ್ದು ಎಂಬತ್ತೋ ತೊಂಬತ್ತೋ. ಅರ್ಧ ಗಂಟೆ ಮೊದಲೇ ಹೋಗಿದ್ದರಿಂದ ನನಗೆ ಮೂರನೇ ಸಾಲಿನಲ್ಲಿ ಜಾಗ ಸಿಕ್ಕಿತು. ಆಮೇಲೆ ಬಂದವರು ಗೋಡೆಯುದ್ದಕ್ಕೂ ನಿಂತರು. ಕೆಲವರು ನೆಲದ ಮೇಲೇ ಕಾಲು ಮಡಚಿ ಕೂತರು.

ಬಂದವರೆಲ್ಲ ಸಂಗೀತ ಬಲ್ಲವರಲ್ಲ, ಇದನ್ನು ಒತ್ತಿ ಹೇಳಬೇಕು. ನನ್ನ ಪಕ್ಕದಲ್ಲಿ ಒಬ್ಬ ಅಜ್ಜಿ ಮತ್ತು ಆರೇಳು ವರ್ಷದ ಮೊಮ್ಮಗಳು. ಹೊರಗೆ ಮಳೆ, ಒಳಗೆ ಬಂದಿದ್ದೇವೆ ಅಂತ ಅಜ್ಜಿ ತಾವಾಗಿಯೇ ಹೇಳಿದರು. ಹಿಂದಿನ ಸಾಲಿನಲ್ಲಿ ಬೆನ್ನಿಗೆ ದೊಡ್ಡ ಚೀಲ ಹಾಕಿಕೊಂಡ ಮೂವರು ವಿದ್ಯಾರ್ಥಿಗಳು. ಇನ್ನೊಬ್ಬರು ಕೆಲಸದ ಸಮವಸ್ತ್ರದಲ್ಲೇ ಬಂದಿದ್ದರು, ಆಗಾಗ ಗಡಿಯಾರ ನೋಡುತ್ತಿದ್ದರು. ಟಿಕೆಟ್ ಇಟ್ಟಿದ್ದರೆ ಇವರಲ್ಲಿ ಎಷ್ಟು ಜನ ಬರುತ್ತಿದ್ದರು? ದುಡ್ಡು ಇಲ್ಲ ಅಂತಷ್ಟೇ ಅಲ್ಲ. ಗೊತ್ತಿಲ್ಲದ ಸಂಗೀತಕ್ಕೆ ದುಡ್ಡು ಕೊಟ್ಟು ಹೋಗಿ, ಅರ್ಥವಾಗದೆ ಕೂತಿರುವುದು ಹೇಗೆ ಎಂಬ ಅಂಜಿಕೆ ಎಲ್ಲರಿಗೂ ಇರುತ್ತದೆ. ಬಾಗಿಲು ತೆರೆದಿಟ್ಟರೆ ಆ ಅಂಜಿಕೆ ಹೋಗುತ್ತದೆ. ಹಿಡಿಸದಿದ್ದರೆ ಎದ್ದು ಹೋದರಾಯಿತು. ಹಾಗೆ ಎದ್ದು ಹೋಗಬಹುದು ಅಂತ ಗೊತ್ತಿದ್ದೂ ಕೂತಿರುವವರು ಕೇಳುವ ರೀತಿಯೇ ಬೇರೆ.

ಉಚಿತ ಅಂದ ಮಾತ್ರಕ್ಕೆ ನುಡಿಸುವವರೂ ಪುಕ್ಕಟೆಯಾಗಿ ನುಡಿಸಬೇಕು ಅಂತಲ್ಲ. ನಮಗೆ ಉಚಿತ ಅಂದರೆ ಬೇರೆ ಯಾರೋ ಕೊಟ್ಟಿದ್ದಾರೆ ಅಂತ ಅರ್ಥ. ಕೊಡಲೇಬೇಕು. ಮ್ಯೂಸಿಯಂಗಳಲ್ಲಿ ಇಂಥ ಕಛೇರಿ ಹೊಸದೇನಲ್ಲ. ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್ ತೆರೆದದ್ದು 1941ರಲ್ಲಿ. ಮರುವರ್ಷವೇ ಅಲ್ಲಿ ಭಾನುವಾರ ಸಂಜೆಯ ಉಚಿತ ಕಛೇರಿಗಳು ಶುರುವಾದವು. ಆಗ ಯುದ್ಧದ ಕಾಲ. ಊರಲ್ಲಿ ತುಂಬಿಕೊಂಡಿದ್ದ ಸೈನಿಕರು, ಕೆಲಸಕ್ಕೆ ಬಂದ ಜನ, ಎಲ್ಲರೂ ಒಳಗಿನ ತೋಟದಂಗಳದಲ್ಲಿ ಗಿಡಗಳ ನಡುವೆ ಕೂತು ಕೇಳುತ್ತಿದ್ದರು.

ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ಕತೆ ಅದಕ್ಕಿಂತ ಸ್ವಲ್ಪ ಹಿಂದಿನದು, ನನಗೆ ತುಂಬಾ ಇಷ್ಟವಾದದ್ದು. ಅದು ಪೂರ್ತಿ ಉಚಿತವಾಗಿರಲಿಲ್ಲ, ಒಂದು ಶಿಲ್ಲಿಂಗ್ ಇತ್ತು. ಆದರೂ ಇಲ್ಲಿ ಹೇಳಲೇಬೇಕು. 1939ರಲ್ಲಿ ಯುದ್ಧ ಶುರುವಾಗುವ ಹೊತ್ತಿಗೆ ಬಾಂಬಿನ ಭಯಕ್ಕೆ ಅಲ್ಲಿನ ಚಿತ್ರಗಳನ್ನೆಲ್ಲ ಊರಾಚೆ ಸಾಗಿಸಿದ್ದರು. ಗೋಡೆಗಳು ಖಾಲಿ. ಊರಲ್ಲಿ ಕಛೇರಿಗಳೂ ನಿಂತುಹೋಗಿದ್ದವು. ಆಗ ಪಿಯಾನೋ ವಾದಕಿ ಮೈರಾ ಹೆಸ್ ಆ ಖಾಲಿ ಕಟ್ಟಡದಲ್ಲಿ ಮಧ್ಯಾಹ್ನದ ಹೊತ್ತು ಸಂಗೀತ ಇಡೋಣ ಅಂತ ಕೇಳಿದರು. ನಿರ್ದೇಶಕ ಕೆನೆತ್ ಕ್ಲಾರ್ಕ್ ಒಪ್ಪಿದರು. 1939ರ ಅಕ್ಟೋಬರ್ 10ರಂದು ಮೊದಲ ಕಛೇರಿ. 1946ರ ಏಪ್ರಿಲ್‌ವರೆಗೆ ಒಟ್ಟು 1,698 ಕಛೇರಿಗಳು ನಡೆದವು. ಕೇಳಿದವರು 8 ಲಕ್ಷಕ್ಕೂ ಹೆಚ್ಚು. ನುಡಿಸಿದವರು ಎಷ್ಟೇ ದೊಡ್ಡ ಹೆಸರಿನವರಾಗಿರಲಿ, ಹೊಸಬರಾಗಿರಲಿ, ಎಲ್ಲರಿಗೂ ಒಂದೇ ಸಂಭಾವನೆ, ಐದು ಗಿನಿ, ಅಂದರೆ ಐದು ಪೌಂಡಿಗಿಂತ ಸ್ವಲ್ಪ ಜಾಸ್ತಿ. ಬಾಂಬ್ ದಾಳಿ ಜೋರಾದಾಗ ನೆಲಮಾಳಿಗೆಗೆ ಇಳಿದು ನುಡಿಸಿದರು. ಒಮ್ಮೆ ಕ್ವಾರ್ಟೆಟ್ ನಡೆಯುತ್ತಿರುವಾಗಲೇ ಕಟ್ಟಡದಲ್ಲಿ ಬಿದ್ದಿದ್ದ ಒಂದು ಬಾಂಬ್ ಸಿಡಿಯಿತು. ನುಡಿಸುತ್ತಿದ್ದವರು ನಿಲ್ಲಿಸಲಿಲ್ಲ.

ಆಮೇಲೆ ಆದದ್ದು ಇನ್ನೂ ಚೆನ್ನ. ಚಿತ್ರಗಳು ವೇಲ್ಸ್‌ನ ಒಂದು ಕಲ್ಲುಗಣಿಯೊಳಗೆ ಸುರಕ್ಷಿತವಾಗಿದ್ದವು. ಒಂದನ್ನಾದರೂ ನೋಡಬೇಕು ಅಂತ ಜನರಿಗೆ ಹಂಬಲ. 1942ರಿಂದ ತಿಂಗಳಿಗೆ ಒಂದೇ ಒಂದು ಚಿತ್ರವನ್ನು ತಂದು ಇಡತೊಡಗಿದರು. ಮೊದಲು ಬಂದದ್ದು ಇಟಲಿಯ ಹಳೆಯ ಚಿತ್ರಕಾರ ಟಿಷಿಯನ್ನನದು. ಅಷ್ಟು ದೊಡ್ಡ ಕಟ್ಟಡದಲ್ಲಿ ಒಂದೇ ಚಿತ್ರ. ಜನ ಅದರ ಮುಂದೆ ಹದಿನೇಳು ಸೆಕೆಂಡು ನಿಂತು ಹೊರಟರು ಅಂತ ನನಗೆ ಅನ್ನಿಸುವುದಿಲ್ಲ. ಮುಂದೆ ಹೋಗಿ ನೋಡಲು ಬೇರೆ ಏನಿತ್ತು?

ನಮ್ಮ ಕಛೇರಿಗೆ ವಾಪಸ್ ಬರುತ್ತೇನೆ.

ಚೆಲ್ಲೋದವರು ಎಲ್ಲರಿಗಿಂತ ಮೊದಲು ಬಂದರು. ಕೈಯಲ್ಲಿ ಅಡುಗೆಮನೆಯ ಮಣೆಯಷ್ಟು ಅಗಲದ ಒಂದು ಹಲಗೆ. ಚೆಲ್ಲೋದ ಕೆಳಗೆ ಒಂದು ಲೋಹದ ಮೊನೆ ಇರುತ್ತದೆ, ಅದನ್ನು ನೆಲಕ್ಕೆ ಊರಿಯೇ ನುಡಿಸಬೇಕು. ಗ್ಯಾಲರಿಯ ನೆಲ ಹಳೆಯ ಮರದ್ದು, ಅದಕ್ಕೆ ಮೊನೆ ಚುಚ್ಚುವಂತಿಲ್ಲ. ಅದಕ್ಕೇ ಹಲಗೆ. ಅದರ ಮೇಲೆ ಈ ಹಿಂದಿನ ಎಷ್ಟೋ ಕಛೇರಿಗಳ ತೂತುಗಳು ಇದ್ದವು, ಜೇನುಗೂಡಿನ ಹಾಗೆ. ಅವರು ಹಲಗೆಯನ್ನು ನೆಲಕ್ಕಿಟ್ಟು, ಕುರ್ಚಿಯ ಕಾಲಿಗೆ ಪಟ್ಟಿ ಸಿಕ್ಕಿಸಿ, ಒಂದು ತೂತು ಆರಿಸಿಕೊಂಡು ಮೊನೆ ಇಟ್ಟರು. ಒಮ್ಮೆ ಅಲ್ಲಾಡಿಸಿ ನೋಡಿದರು. ಎದ್ದು ಹೋಗಿ ಚಿತ್ರ ನೋಡಿದರು. ಬಂದು ಕೂತರು.

ನಾಲ್ವರೂ ಕೂತ ಜಾಗ ಚಿತ್ರಕ್ಕೆ ಎಡವಾಗಿ, ಸ್ವಲ್ಪ ಕೋನದಲ್ಲಿ. ಚಿತ್ರಕ್ಕೆ ಯಾರೂ ಅಡ್ಡ ಬರುತ್ತಿರಲಿಲ್ಲ. ಹೀಗೆ ಕೂರಿಸಬೇಕು ಅಂತ ಯೋಚಿಸಿದವರು ಯಾರೋ, ಅವರಿಗೆ ದೊಡ್ಡ ಕೃತಜ್ಞತೆ. ಚಿತ್ರದ ಮುಂದೆಯೇ ವೇದಿಕೆ ಹಾಕಿ ಅದನ್ನು ಬರೀ ಪರದೆ ಮಾಡಿಬಿಡುವುದನ್ನು ಬೇರೆ ಕಡೆ ನೋಡಿದ್ದೇನೆ.

ಶ್ರುತಿ ಮಾಡಿಕೊಳ್ಳಲು ಜಾಸ್ತಿಯೇ ಹೊತ್ತು ಹಿಡಿಯಿತು. ಚಿತ್ರಗಳಿಗಾಗಿ ಗ್ಯಾಲರಿಯ ಗಾಳಿಯನ್ನು ಒಂದೇ ಹದದಲ್ಲಿ ಇಟ್ಟಿರುತ್ತಾರೆ. ಮಳೆಯಲ್ಲಿ ನೆಂದ ನೂರು ಜನ ಒಳಗೆ ಬಂದು ಉಸಿರಾಡಿದರೆ ಆ ಹದ ತಪ್ಪುತ್ತದೆ. ತಂತಿಗಳಿಗೆ ಅದು ನಮಗಿಂತ ಮೊದಲು ಗೊತ್ತಾಗುತ್ತದೆ. ಮೇಲೆ ಎತ್ತರದ ಚಾವಣಿ, ಸುತ್ತ ಬೋಳು ಗೋಡೆ. ಒಂದು ಸ್ವರ ಎಳೆದರೆ ಕಮಾನು ತೆಗೆದ ಮೇಲೂ ಎರಡು ಮೂರು ಸೆಕೆಂಡು ಗಾಳಿಯಲ್ಲಿ ಇರುತ್ತಿತ್ತು. ಚೇಂಬರ್ ಮ್ಯೂಸಿಕ್ ಅಂದರೆ ಕೋಣೆಯ ಸಂಗೀತ. ಮನೆಯ ಕೋಣೆಯಲ್ಲಿ ನಾಲ್ಕು ಜನ ಒಬ್ಬರಿಗೊಬ್ಬರು ನುಡಿಸಿಕೊಳ್ಳಲು ಹುಟ್ಟಿದ್ದು. ದೊಡ್ಡ ಸಭಾಂಗಣಕ್ಕೆ ಹೋದಾಗ ಅದು ಸ್ವಲ್ಪ ಅನಾಥವಾಗುತ್ತದೆ ಅಂತ ನನಗೆ ಯಾವಾಗಲೂ ಅನ್ನಿಸಿದೆ. ಇಲ್ಲಿ ಕೋಣೆಯೊಳಗೊಂದು ಕೋಣೆ, ಗೋಡೆಯ ಮೇಲೆ ಇನ್ನೊಂದು ಕೋಣೆ.

ಮೊದಲು ನುಡಿಸಿದ್ದು ರಷ್ಯಾದ ಸಂಗೀತಕಾರ ಮುಸೋರ್ಗ್‌ಸ್ಕಿಯದು. 'ಪಿಕ್ಚರ್ಸ್ ಅಟ್ ಆ್ಯನ್ ಎಕ್ಸಿಬಿಷನ್' ಅಂತ ಪಿಯಾನೋಗೆ ಬರೆದದ್ದನ್ನು ನಾಲ್ಕು ತಂತಿವಾದ್ಯಗಳಿಗೆ ಹೊಂದಿಸಿದ್ದರು, ಎರಡು ಮೂರು ತುಣುಕು ಅಷ್ಟೇ. ಆ ಕೃತಿಯ ಹಿನ್ನೆಲೆ ತುಂಬ ಜನರಿಗೆ ಗೊತ್ತಿರಬಹುದು. ಮುಸೋರ್ಗ್‌ಸ್ಕಿಯ ಗೆಳೆಯ ವಿಕ್ಟರ್ ಹಾರ್ಟ್‌ಮನ್ ಚಿತ್ರಕಾರ, ವಾಸ್ತುಶಿಲ್ಪಿ. 1873ರಲ್ಲಿ 39ನೇ ವಯಸ್ಸಿಗೇ ತೀರಿಕೊಂಡ. ಮರುವರ್ಷ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಅವನ ಕೆಲಸಗಳ ಪ್ರದರ್ಶನ ಇಟ್ಟರು. ಅದನ್ನು ನೋಡಿ ಬಂದ ಮುಸೋರ್ಗ್‌ಸ್ಕಿ 1874ರ ಜೂನ್‌ನಲ್ಲಿ ಕೆಲವೇ ವಾರಗಳಲ್ಲಿ ಇಡೀ ಕೃತಿ ಬರೆದು ಮುಗಿಸಿದ.

ಅದರಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಚಿತ್ರಗಳ ತುಣುಕುಗಳಲ್ಲ, ಅವುಗಳ ನಡುವೆ ಬರುವ ನಡಿಗೆ. ಒಂದು ಚಿತ್ರದಿಂದ ಇನ್ನೊಂದಕ್ಕೆ ಹೋಗುವಾಗಿನ ಹೆಜ್ಜೆ. ಮೊದಲ ಸಲ ಬಂದಾಗ ಅದು ಐದು ಎಣಿಕೆ, ಆರು ಎಣಿಕೆ ಅಂತ ಬದಲಾಗುತ್ತಾ ಸಾಗುತ್ತದೆ. ಸಮನಾಗಿ ಬೀಳುವ ಹೆಜ್ಜೆ ಅಲ್ಲ. ಭಾರದ ಮನುಷ್ಯನೊಬ್ಬ ಗೆಳೆಯನನ್ನು ನೆನೆಯುತ್ತಾ ನಡೆಯುವ ಹೆಜ್ಜೆ. ಪ್ರತಿ ಚಿತ್ರ ನೋಡಿದ ಮೇಲೆ ಆ ನಡಿಗೆ ಸ್ವಲ್ಪ ಬೇರೆಯಾಗಿ ಬರುತ್ತದೆ, ಒಮ್ಮೆ ಮೆತ್ತಗೆ, ಒಮ್ಮೆ ಗಾಬರಿಯಲ್ಲಿ. ನೋಡಿದವನಿಗೆ ಏನಾಯಿತು ಅಂತ ಅಲ್ಲಿದೆ.

ಆಮೇಲೆ ಹಳೆಯ ಕೋಟೆಯ ತುಣುಕು ಬಂತು. ಅದರ ತಳದಲ್ಲಿ ಒಂದೇ ಸ್ವರ ಮೊದಲಿಂದ ಕೊನೆಯವರೆಗೆ ಬಿಡದೆ ಮಿಡಿಯುತ್ತಿರುತ್ತದೆ. ಚೆಲ್ಲೋ ಅದನ್ನು ಹಿಡಿದಾಗ ತಂಬೂರಿ ಕೇಳಿ ಬೆಳೆದ ಕಿವಿಗೆ ಮನೆಗೆ ಬಂದ ಹಾಗಾಯಿತು. ಈ ತುಣುಕಿಗೆ ಕಾರಣವಾದ ಹಾರ್ಟ್‌ಮನ್‌ನ ಚಿತ್ರ ಈಗ ಇಲ್ಲ. ಆ ಪ್ರದರ್ಶನದ ಚಿತ್ರಗಳಲ್ಲಿ ಬಹುಪಾಲು ಕಳೆದುಹೋಗಿವೆ. ನೋಡಿದವನು ಉಳಿಸಿದ ಸಂಗೀತ ಮಾತ್ರ ಇದೆ.

ನಮ್ಮಲ್ಲಿ ಇದು ತಿರುವುಮುರುವಾಗಿ ನಡೆದಿದೆ ಅಲ್ವಾ ಅಂತ ಆಗ ಹೊಳೆಯಿತು. ರಾಗಮಾಲಾ ಚಿತ್ರಗಳು ರಾಗವನ್ನು ನೋಡುವಂತೆ ಮಾಡಿದವು. ತೋಡಿ ಅಂದರೆ ಕಾಡಿನಲ್ಲಿ ವೀಣೆ ಹಿಡಿದ ಹೆಂಗಸು, ಸುತ್ತ ಕಿವಿ ನಿಮಿರಿಸಿ ನಿಂತ ಜಿಂಕೆಗಳು. ರಾಜಸ್ಥಾನ, ದಖ್ಖನ್, ಹಿಮಾಲಯದ ತಪ್ಪಲು, ಎಲ್ಲ ಕಡೆಯ ಚಿತ್ರಕಾರರೂ ಅದನ್ನು ಬಿಡಿಸಿದ್ದಾರೆ. ಆ ಹಾಳೆಗಳಲ್ಲಿ ತೋಡಿಯ ಸ್ವರಗಳನ್ನು ಹುಡುಕಿದರೆ ಸಿಗುವುದಿಲ್ಲ. ಸಿಗುವುದು ಕೇಳುತ್ತಿರುವ ಜಿಂಕೆಗಳು. ಚಿತ್ರಕಾರನಿಗೂ ಕೊನೆಗೆ ಬಿಡಿಸಲು ಸಿಕ್ಕಿದ್ದು ಕೇಳುವಿಕೆಯೇ.

ಮುಸೋರ್ಗ್‌ಸ್ಕಿ ಮುಗಿದ ಮೇಲೆ ಹೊಸ ಕೃತಿ ಬರೆದವರು ಎದ್ದು ನಿಂತರು. ಮೂವತ್ತರ ಆಸುಪಾಸಿನ ಹೆಣ್ಣುಮಗಳು. ನನಗೆ ಆಗ ಒಂದು ಅಳುಕಿತ್ತು, ಹೇಳಿಬಿಡುತ್ತೇನೆ. ಚಿತ್ರವನ್ನು ಸಂಗೀತ ಮಾಡುತ್ತೇವೆ ಅಂತ ಹೊರಟವರು ಎಷ್ಟೋ ಸಲ ಚಿತ್ರದಲ್ಲಿರುವ ಸಾಮಾನಿನ ಪಟ್ಟಿ ಮಾಡುತ್ತಾರೆ. ಹಕ್ಕಿ ಇದ್ದರೆ ಕೊಳಲು, ನೀರಿದ್ದರೆ ಹಾರ್ಪ್, ಬಿರುಗಾಳಿಗೆ ನಗಾರಿ. ಅದನ್ನು ಕೇಳಿ ಚಿತ್ರಕ್ಕೆ ವಾಪಸ್ ಹೋದರೆ ಹೊಸದೇನೂ ಕಾಣುವುದಿಲ್ಲ. ಈ ಚಿತ್ರದಲ್ಲಂತೂ ಪಟ್ಟಿ ಮಾಡಲು ಸಾಮಾನೇ ಇಲ್ಲ.

ಅವರು ಆಡಿದ್ದು ಮೂರೇ ಮಾತು. "ನಾನು ಈ ಚಿತ್ರವನ್ನು ವರ್ಣಿಸಲು ಹೋಗಿಲ್ಲ. ಹನ್ನೊಂದು ದಿನ ಬಂದು ಇದರ ಮುಂದೆ ಕೂತಿದ್ದೆ. ಆಗ ನನಗೆ ಏನು ಕೇಳಿಸಿತೋ ಅದನ್ನು ಬರೆದಿದ್ದೇನೆ." ಅಷ್ಟು ಹೇಳಿ ಪಕ್ಕಕ್ಕೆ ಹೋಗಿ ಗೋಡೆಗೆ ಒರಗಿ ನಿಂತರು.

ರಷ್ಯಾದ ಇನ್ನೊಬ್ಬ ಸಂಗೀತಕಾರ ರಹ್ಮಾನಿನೋವ್ ನೆನಪಾದ. ಆರ್ನಾಲ್ಡ್ ಬ್ಯೋಕ್ಲಿನ್ ಬಿಡಿಸಿದ ಸಾವಿನ ದ್ವೀಪದ ಚಿತ್ರವನ್ನು ಆತ ಮೊದಲು ನೋಡಿದ್ದು 1907ರಲ್ಲಿ ಪ್ಯಾರಿಸ್ಸಿನಲ್ಲಿ. ನೋಡಿದ್ದು ಮೂಲ ಚಿತ್ರವನ್ನಲ್ಲ, ಅದರ ಕಪ್ಪು ಬಿಳುಪು ಪ್ರತಿಯನ್ನು. ಅದರಿಂದ 1909ರಲ್ಲಿ ಆರ್ಕೆಸ್ಟ್ರಾ ಕೃತಿ ಬಂತು. ಐದರ ಎಣಿಕೆಯಲ್ಲಿ ದೋಣಿಯ ಹುಟ್ಟು ಏಳುತ್ತದೆ, ಬೀಳುತ್ತದೆ. ಖಂಡಛಾಪು ಕೇಳಿದವರಿಗೆ ಐದು ಹೊಸದಲ್ಲ, ಆದರೆ ಇಲ್ಲಿ ಐದು ಕುಣಿಯುವುದಿಲ್ಲ, ತೂಗುತ್ತದೆ. ಆಮೇಲೆ ಬಣ್ಣದ ಮೂಲ ಚಿತ್ರ ನೋಡಿದಾಗ ಆತನಿಗೆ ಅದು ಅಷ್ಟು ಹಿಡಿಸಲಿಲ್ಲ. ಮೊದಲೇ ಇದನ್ನು ನೋಡಿದ್ದರೆ ಬಹುಶಃ ಬರೆಯುತ್ತಿರಲಿಲ್ಲ ಅಂದಿದ್ದನಂತೆ. ನನಗೆ ಇದು ನಿಜದ ಮಾತು ಅನ್ನಿಸುತ್ತದೆ. ಬಣ್ಣ ಇಲ್ಲದ್ದರಿಂದಲೇ ಅವನ ಕಿವಿಗೆ ಜಾಗ ಸಿಕ್ಕಿತ್ತು. ಹ್ಯಾಮರ್ಸ್‌ಹೊಯ್ ಆ ಜಾಗವನ್ನು ತಾನೇ ಬಿಟ್ಟಿದ್ದಾನೆ. ಎಲ್ಲ ಬೂದು, ಬಿಳಿ, ಕಪ್ಪು, ನಡುವೆ ಎಲ್ಲೋ ಸ್ವಲ್ಪ ಕಂದು.

ಹೊಸ ಕೃತಿ ಶುರುವಾದದ್ದು ವಿಯೋಲಾದಿಂದ. ತಂತಿಗಳ ಕುದುರೆಯ ಮೇಲೆ ದನಿ ತಗ್ಗಿಸುವ ಮ್ಯೂಟ್ ಸಿಕ್ಕಿಸಿದ್ದರು. ಅತಿ ಕೆಳಗಿನ ತಂತಿ, ಒಂದೇ ಸ್ವರ, ಕಂಪನ ಇಲ್ಲದೆ ನೇರ ಎಳೆತ. ಕಮಾನು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಲು ಎಷ್ಟು ಹೊತ್ತು ತೆಗೆದುಕೊಂಡಿತು ಅಂದರೆ, ಮುಗಿದೇ ಹೋಯಿತು ಅಂದುಕೊಂಡಾಗ ಇನ್ನೂ ಅರ್ಧ ಕಮಾನು ಉಳಿದಿತ್ತು. ಆಮೇಲೆ ಎರಡನೇ ವಯಲಿನ್ ಅದಕ್ಕೆ ತೀರಾ ಹತ್ತಿರದ ಸ್ವರವೊಂದನ್ನು ಇಟ್ಟಿತು. ಎರಡೂ ಸೇರಿ ಗಾಳಿಯಲ್ಲಿ ಸಣ್ಣಗೆ ಅದುರಿದವು. ಚೆಲ್ಲೋ ಬಂದು ತಳ ಹಿಡಿಯಿತು.

ಮೊದಲ ವಯಲಿನ್‌ನವರು ನುಡಿಸಲೇ ಇಲ್ಲ. ವಯಲಿನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡು, ತಲೆ ಸ್ವಲ್ಪ ಬಾಗಿಸಿ ಸುಮ್ನೆ ಕೂತಿದ್ದರು. ಒಂದು ನಿಮಿಷವಾಯಿತು. ಎರಡು ನಿಮಿಷವಾಯಿತು. ಎಲ್ಲರ ಕಣ್ಣೂ ಅವರ ಮೇಲೆ. ಈಗ ಎತ್ತುತ್ತಾರೆ, ಈಗ ಎತ್ತುತ್ತಾರೆ. ಎತ್ತಲಿಲ್ಲ. ಆಗ ಕಣ್ಣು ತಾನಾಗಿಯೇ ಚಿತ್ರದ ಕಡೆ ಹೋಯಿತು, ಬೆನ್ನು ಮಾಡಿ ನಿಂತವಳ ಕಡೆ.

ಪಕ್ಕದಿಂದ ಆ ಪುಟ್ಟ ಹುಡುಗಿಯ ಪಿಸುಮಾತು. "ಅಜ್ಜೀ, ಅವಳು ಯಾವಾಗ ತಿರುಗ್ತಾಳೆ?"

"ಸುಮ್ನೆ ಕೂತ್ಕೋ ಪುಟ್ಟಿ. ನೋಡೋಣ."

ಅಜ್ಜಿ ತಿರುಗಲ್ಲ ಅನ್ನಲಿಲ್ಲ, ಅದು ಚಿತ್ರ ಕಣೇ ಅನ್ನಲಿಲ್ಲ. ನೋಡೋಣ ಅಂದರು. ನಾನೂ ನೋಡತೊಡಗಿದೆ.

ಮೊದಲ ಸಲ ನಾನು ನೋಡಿದ್ದು ಖಾಲಿ ಕೋಣೆ. ಈಗ ಅದು ಖಾಲಿ ಇಲ್ಲ ಅಂತ ಒಂದೊಂದಾಗಿ ಗೊತ್ತಾಯಿತು. ಎಡಗಡೆಯ ಬಾಗಿಲಿಗೆ ಹಿಡಿಕೆ ಇರಲಿಲ್ಲ. ಎರಡನೇ ಕೋಣೆಯ ನೆಲಕ್ಕೆ ಎಲ್ಲಿಂದಲೋ ಬೆಳಕು ಬಿದ್ದಿತ್ತು, ಅಂದರೆ ಆ ಕೋಣೆಗೆ ನಮಗೆ ಕಾಣದ ಕಿಟಕಿ ಇದೆ. ಗೋಡೆಯ ಬೂದು ಒಂದೇ ಬೂದು ಅಲ್ಲ, ಬಾಗಿಲ ಹತ್ತಿರ ಅದಕ್ಕೆ ಸ್ವಲ್ಪ ಹಸಿರು ಸೇರಿದೆ, ಮೂಲೆಯಲ್ಲಿ ಸ್ವಲ್ಪ ನೇರಳೆ. ಇಡೀ ಚಿತ್ರದಲ್ಲಿ ಅತಿ ಹೆಚ್ಚು ಬೆಳಕಿರುವುದು ಬಿಳಿ ಬಾಗಿಲಿನ ಮೇಲಲ್ಲ, ಅವಳ ಕತ್ತಿನ ಹಿಂಭಾಗದಲ್ಲಿ, ಕಪ್ಪು ಉಡುಪು ಮುಗಿದು ಎತ್ತಿ ಕಟ್ಟಿದ ಕೂದಲು ಶುರುವಾಗುವ ಮುನ್ನ. ನಾಲ್ಕು ಬೆರಳಿನಷ್ಟು ಜಾಗ. ಇಷ್ಟು ಹೊತ್ತು ಕಣ್ಣು ಅಲ್ಲಿಗೇ ಹೋಗುತ್ತಿತ್ತು, ಯಾಕೆ ಅಂತ ಮಾತ್ರ ಗೊತ್ತಿರಲಿಲ್ಲ.

ಐದನೇ ನಿಮಿಷದ ಹೊತ್ತಿಗೆ ಮೊದಲ ವಯಲಿನ್ ಮೇಲೆದ್ದಿತು. ದೊಡ್ಡ ರಾಗ ಬರುತ್ತದೆ ಅಂದುಕೊಂಡಿದ್ದೆ. ಬಂದದ್ದು ಒಂದೇ ಸ್ವರ. ತಂತಿಯನ್ನು ಒತ್ತದೆ ಬೆರಳನ್ನು ಬರೀ ತಾಗಿಸಿ ಹೊರಡಿಸುವ ಆ ಸಿಳ್ಳೆಯಂಥ ಸಣ್ಣ ದನಿ, ತುಂಬ ಎತ್ತರದಲ್ಲಿ. ಅದು ಬಂದ ಕೂಡಲೇ ಆ ನಾಲ್ಕು ಬೆರಳು ಜಾಗದ ಬೆಳಕು ನನ್ನ ಕಣ್ಣಿಗೆ ಇನ್ನೂ ಜೋರಾಯಿತು. ಇದು ಅವರು ಬೇಕಂತಲೇ ಮಾಡಿದ್ದೋ, ನಾನೇ ಕಟ್ಟಿಕೊಂಡಿದ್ದೋ, ಕೇಳಲಿಲ್ಲ. ಕೇಳಬೇಕು ಅನ್ನಿಸಲೂ ಇಲ್ಲ.

ನಡುವೆ ಪಕ್ಕದ ಗ್ಯಾಲರಿಯಿಂದ ಅಲಾರಂ ಕೂಗಿತು. ಯಾರೋ ಚಿತ್ರದ ತೀರಾ ಹತ್ತಿರ ಬಗ್ಗಿರಬೇಕು. ಬೀಪ್, ಬೀಪ್, ಬೀಪ್. ಸಂಗೀತ ಅತಿ ಮೆತ್ತಗಿದ್ದ ಹೊತ್ತು. ಚೆಲ್ಲೋದವರು ತಲೆ ಎತ್ತಲಿಲ್ಲ. ವಿಯೋಲಾದವರು ಕಮಾನನ್ನು ತಂತಿಯ ಮೇಲೆ ಹಾಗೇ ನಿಲ್ಲಿಸಿ, ಅಲಾರಂ ನಿಲ್ಲುವವರೆಗೆ ಕಾದು, ಆಮೇಲೆ ಎಳೆದರು. ಉಳಿದ ಮೂವರೂ ಅವರ ಜೊತೆ ಕಾದರು. ಒಬ್ಬರನ್ನೊಬ್ಬರು ನೋಡಲೂ ಇಲ್ಲ, ಉಸಿರಿನಲ್ಲೇ ಗೊತ್ತಾಗಿತ್ತು. ಈ ನಾಲ್ವರು ಎಷ್ಟು ವರ್ಷ ಜೊತೆಗೆ ನುಡಿಸಿರಬೇಕು.

ಕೊನೆಯ ಭಾಗದಲ್ಲಿ ನನ್ನ ಕಣ್ಣಿಗೆ ಬಿದ್ದದ್ದನ್ನು ಬರೆಯದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ. ಕಮಾನಿನ ಕೂದಲಿಗೆ ಹಚ್ಚುತ್ತಾರಲ್ಲ ರಾಳ, ರೋಸಿನ್ ಅಂತಾರೆ, ಅದು ನುಡಿಸುವಾಗ ಬಿಳಿ ಪುಡಿಯಾಗಿ ಏಳುತ್ತದೆ. ಸಭಾಂಗಣದಲ್ಲಿ ಕಾಣುವುದಿಲ್ಲ. ಇಲ್ಲಿ ಚಿತ್ರಕ್ಕೆ ಬಿಟ್ಟ ದೀಪದ ಬೆಳಕು ಓರೆಯಾಗಿ ಬಿದ್ದು ಚೆಲ್ಲೋದ ಮೇಲಿಂದ ಹಾದುಹೋಗುತ್ತಿತ್ತು. ಆ ಬೆಳಕಿನ ಪಟ್ಟೆಯಲ್ಲಿ ಪುಡಿ ಮೇಲೆ ಏಳುತ್ತಿತ್ತು, ಕಣಕಣವಾಗಿ, ಸ್ವರಕ್ಕಿಂತ ನಿಧಾನವಾಗಿ. ಹ್ಯಾಮರ್ಸ್‌ಹೊಯ್ 1900ರಲ್ಲಿ ಬಿಡಿಸಿದ ಇನ್ನೊಂದು ಚಿತ್ರ ಇದೆ. ಅದೇ ಮನೆ. ಒಂದು ಕಿಟಕಿ, ಒಂದು ಮುಚ್ಚಿದ ಬಾಗಿಲು, ನೆಲದವರೆಗೆ ಇಳಿಯುವ ಬಿಸಿಲುಕೋಲು, ಅದರಲ್ಲಿ ಧೂಳಿನ ಕಣಗಳು. ಮನುಷ್ಯರೇ ಇಲ್ಲ. ಅದರ ಅಚ್ಚು ಪ್ರತಿ ನೋಡಿದಾಗಲೆಲ್ಲ ಧೂಳನ್ನು ಅಷ್ಟು ಪ್ರೀತಿಯಿಂದ ಯಾರಾದರೂ ಬಿಡಿಸುತ್ತಾರಾ ಅಂದುಕೊಳ್ಳುತ್ತಿದ್ದೆ. ಅವತ್ತು ಚೆಲ್ಲೋದ ಮೇಲೆ ಏಳುತ್ತಿದ್ದ ಪುಡಿ ನೋಡಿದ ಮೇಲೆ ಹಾಗೆ ಅಂದುಕೊಳ್ಳುವುದನ್ನು ಬಿಟ್ಟಿದ್ದೇನೆ.

ಕೃತಿ ಮುಗಿದದ್ದು ಯಾವಾಗ ಅಂತ ಯಾರಿಗೂ ಸರಿಯಾಗಿ ಗೊತ್ತಾಗಲಿಲ್ಲ. ಶುರುವಾದ ಅದೇ ಕೆಳಗಿನ ಸ್ವರ ಮತ್ತೆ ವಿಯೋಲಾದಲ್ಲಿ ಬಂತು, ಕಮಾನು ತುದಿಗೆ ಹೋಯಿತು, ದನಿ ಗಾಳಿಯಲ್ಲಿ ಸ್ವಲ್ಪ ಹೊತ್ತು ಇತ್ತು, ಆಮೇಲೆ ಇರಲಿಲ್ಲ. ಚಪ್ಪಾಳೆ ಬರಲು ತಡವಾಯಿತು. ಆ ಮೌನದಲ್ಲಿ ಇನ್ನೊಂದು ಕೃತಿ ನೆನಪಾಯಿತು. ಅಮೆರಿಕದ ಸಂಗೀತಕಾರ ಮಾರ್ಟನ್ ಫೆಲ್ಡ್‌ಮನ್ ಹ್ಯೂಸ್ಟನ್ನಿನ ರಾತ್ಕೋ ಚಾಪೆಲ್‌ಗೆ ಅಂತ ಬರೆದ ಕೃತಿ 1972ರಲ್ಲಿ ಅಲ್ಲೇ ಮೊದಲ ಸಲ ನಡೆಯಿತು, ಚಿತ್ರಕಾರ ರಾತ್ಕೋನ 14 ದೊಡ್ಡ ಕ್ಯಾನ್ವಾಸುಗಳ ನಡುವೆ. ವಿಯೋಲಾ, ತಾಳವಾದ್ಯ, ಗಂಟೆಯಂಥ ದನಿಯ ಕೀಲಿಮಣೆ ವಾದ್ಯ ಸೆಲೆಸ್ಟಾ, ಹಾಡುವವರ ಗುಂಪು. ಅದನ್ನು ಮನೆಯಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಮೌನ ಅದರಲ್ಲಿ ಇಷ್ಟೊಂದು ಯಾಕೆ ಅಂತ ಪ್ರತಿ ಸಲ ಅನ್ನಿಸುತ್ತಿತ್ತು. ಚಿತ್ರ ಎದುರಿಗೆ ಇರುವಾಗ ಮೌನ ಖಾಲಿ ಇರುವುದಿಲ್ಲ, ಆ ಹೊತ್ತಿನಲ್ಲಿ ಕಣ್ಣು ಕೆಲಸ ಮಾಡುತ್ತಿರುತ್ತದೆ. ಮನೆಯಲ್ಲಿ ನನ್ನೆದುರು ಗೋಡೆ ಮಾತ್ರ ಇತ್ತು.

ಜನ ಎದ್ದರು. ಸಮವಸ್ತ್ರದವರು ಗಡಿಯಾರ ನೋಡಿ ಓಡಿದರು, ಕೊನೆಯವರೆಗೂ ಇದ್ದರು ಅನ್ನುವುದು ನನಗೆ ಖುಷಿ. ಅಜ್ಜಿ ಮೊಮ್ಮಗಳನ್ನು ಚಿತ್ರದ ಹತ್ತಿರ ಕರೆದುಕೊಂಡು ಹೋದರು. ಹುಡುಗಿ ಚೌಕಟ್ಟಿನ ಪಕ್ಕದಿಂದ ಇಣುಕಿ ನೋಡಿದಳು, ಓರೆಯಿಂದ ಮುಖ ಕಾಣಬಹುದೇನೋ ಅಂತ. ಎರಡೂ ಪಕ್ಕದಿಂದ ನೋಡಿದಳು.

ಅವರು ಹೋದ ಮೇಲೆ ನಾನು ಹೋಗಿ ನಿಂತೆ. ಹತ್ತಿರದಿಂದ ನೋಡಿದರೆ ಆ ಕತ್ತಿನ ಬೆಳಕು ಅಂದರೆ ಐದಾರು ಕುಂಚದ ಗೆರೆ. ಸ್ವಲ್ಪ ಗುಲಾಬಿ, ಸ್ವಲ್ಪ ಬೂದು. ಗೆರೆಗಳ ನಡುವೆ ಕ್ಯಾನ್ವಾಸಿನ ನೇಯ್ಗೆ ಕಾಣುತ್ತಿತ್ತು.

ಹಿಂದೆ ಕುರ್ಚಿ ಮಡಚುವ ಸದ್ದು. ಗ್ಯಾಲರಿಯ ಗಾರ್ಡ್ ಒಬ್ಬರು, ನಡುವಯಸ್ಸಿನ ಹೆಂಗಸು, ಸಾಲುಸಾಲಾಗಿ ಕುರ್ಚಿ ಮಡಚುತ್ತಾ ಬರುತ್ತಿದ್ದರು. ಮುಚ್ಚುವ ಹೊತ್ತಾಯಿತೇನೋ ಅಂತ ನಾನು ಹೊರಡಲು ತಿರುಗಿದೆ.

"ಇನ್ನೂ ಹತ್ತು ನಿಮಿಷ ಇದೆ, ನೋಡಿ," ಅಂದರು. ಆಮೇಲೆ ಅವರೂ ನನ್ನ ಪಕ್ಕ ಬಂದು ನಿಂತರು. "ಈ ಪ್ರದರ್ಶನ ಶುರುವಾದಾಗಿಂದ ನಾನು ಇದೇ ಕೋಣೆಯಲ್ಲಿ ಡ್ಯೂಟಿ. ದಿನಾ ಇವಳ ಜೊತೆಗೇ ನಿಂತಿರ್ತೀನಿ. ಕೂತು ನೋಡಿದ್ದು ಇವತ್ತೇ."

ಕಛೇರಿ ನಡೆಯುವಾಗ ಅವರಿಗೂ ಒಂದು ಕುರ್ಚಿ ಹಾಕಿದ್ದರಂತೆ, ಬಾಗಿಲ ಪಕ್ಕ. ಅದನ್ನು ಕೊನೆಗೆ ಉಳಿಸಿಕೊಂಡಿದ್ದರು. ಈಗ ಹೋಗಿ ಅದನ್ನೂ ಮಡಚಿದರು, ಉಳಿದವುಗಳ ಜೊತೆ ಗೋಡೆಗೆ ಒರಗಿಸಿದರು. ಚೆಲ್ಲೋದವರು ಮರೆತುಹೋಗಿದ್ದ ತೂತುತೂತಿನ ಹಲಗೆ ನೆಲದ ಮೇಲೇ ಇತ್ತು. ಗಾರ್ಡ್ ಅದನ್ನು ಎತ್ತಿಕೊಂಡು, ಚೆಲ್ಲೋದವರಿಗೆ ಕೊಡಬೇಕು ಅಂತ ಆಚೆಗೆ ಬೇಗ ಬೇಗ ನಡೆದರು.